ಎಲವರಿಗೆಯನ್ನು ‘ಎಲ್ಲರಿಗೆ’ ಎಂದು ತಿದ್ದಿದವನ ಉತ್ತರ

“ಅಜ್ಜಿಗೆ ಭೂಮಿ ಹುಣ್ಣಿಮೆಯ ಹಾಡು ಬರುತ್ತದೆ, ಆದರೆ ಉಚ್ಚಾರದಲ್ಲಿ ತಪ್ಪುಗಳಿವೆ, ಎಷ್ಟೋ ಪದಗಳಿಗೆ ಅರ್ಥವೇ ಇಲ್ಲ. ಶುದ್ಧ ಕನ್ನಡಕ್ಕೆ ತಿದ್ದಿ ಪುಸ್ತಕ ಮಾಡಲೇ, ವಿಡಿಯೊ ಮಾಡಲೇ?” ಎಂದು ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಹೆಚ್ಚುಕಡಿಮೆ ಇದೇ ಮಾತನ್ನು 1993ರಲ್ಲಿ ನನ್ನ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ನಾನೇ ಬರೆದುಕೊಂಡಿದ್ದೆ. ನೀವು ಸೊರಬದ ಕಡೆಯವರು, ನಾನು ಸಿದ್ದಾಪುರ ತಾಲ್ಲೂಕಿನವನು. ನಿಮ್ಮದು ಶಿವಮೊಗ್ಗ ಜಿಲ್ಲೆ, ನಮ್ಮದು ಉತ್ತರ ಕನ್ನಡ ಎಂಬುದನ್ನು ಬಿಟ್ಟರೆ ಗದ್ದೆ, ಬೆಟ್ಟ, ಬುಟ್ಟಿ, ಹಾಡು ಎಲ್ಲವೂ ಒಂದೇ.

ನಮ್ಮ ಊರಿಗೆ ಆಗ ಬಸ್ಸು ಇರಲಿಲ್ಲ. ಡಾಂಬರು ರಸ್ತೆಯಲ್ಲಿ ಇಳಿದು ಕಾಡಿನ ದಾರಿಯಲ್ಲಿ ಒಂದು ಗಂಟೆ ನಡೆಯಬೇಕಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ನಾನು ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಕನ್ನಡ ಐಚ್ಛಿಕ ಓದಿದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ನಮ್ಮ ಜಿಲ್ಲೆಯ ಮನೆಮನೆ ತಿರುಗಿ ಜನಪದ ಸಾಹಿತ್ಯ ಸಂಗ್ರಹಿಸಿದ ಎಲ್. ಆರ್. ಹೆಗಡೆಯವರಂತೆ ನಾನೂ ಏನಾದರೂ ಮಾಡಬೇಕೆಂಬ ಆಸೆ ಇತ್ತು. ಮನೆಯಲ್ಲೇ ಅಜ್ಜಿ ಇದ್ದಾಳೆ, ಊರಿಡೀ ಅವಳ ಹಾಡಿಗೆ ಹೆಸರಿದೆ, ಇನ್ನೇನು ಬೇಕು ಎಂದುಕೊಂಡೆ.

ಇದನ್ನು ಓದುವ ಬೇರೆ ಕಡೆಯವರಿಗಾಗಿ ಒಂದಿಷ್ಟು ಹೇಳಿಬಿಡುತ್ತೇನೆ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಬತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ಒಳಗೇ ಇರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ತೀರಿಸಬೇಕಲ್ಲ, ಅದಕ್ಕೇ ಈ ಹಬ್ಬ. ಬಯಲುಸೀಮೆಯವರು ಶೀಗಿ ಹುಣ್ಣಿಮೆ ಎನ್ನುತ್ತಾರೆ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮಹಾನವಮಿ ಮುಗಿಯುತ್ತಿದ್ದಂತೆಯೇ ಬಿದಿರಿನ ಬುಟ್ಟಿಗಳು ಅಟ್ಟದಿಂದ ಇಳಿಯುತ್ತವೆ. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ ಬುಟ್ಟಿ. ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನಲ್ಲಿ ಪುಂಡಿ ನಾರು ಅದ್ದಿ ಹಸೆ ಚಿತ್ತಾರದ ಎಳೆಗಳನ್ನು ಬರೆಯುತ್ತಾರೆ. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ನಿದ್ದೆ ಮಾಡುವುದಿಲ್ಲ. ಸೊಪ್ಪು, ಕಾಯಿ ಎಲ್ಲ ಸೇರಿಸಿ ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ, ಕಡುಬು ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಗಂಡಸರು ದೊಂದಿ ಹಿಡಿದು ಗದ್ದೆಗೆ ಹೋಗಿ, ತಾಯಿ ಬಂದು ಉಂಡು ಹೋಗಲಿ ಎಂದು ಕೂಗುತ್ತಾ ಹಚ್ಚಂಬಲಿ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ಬತ್ತದ ಬುಡಕ್ಕೆ ಕೊರಳಿನ ಸರ ತೊಡಿಸಿ ಪೂಜೆ ಮಾಡಿ, ಅಲ್ಲೇ ಕುಳಿತು ಉಣ್ಣುತ್ತೇವೆ. ಒಂದು ಕಡುಬನ್ನು ಗದ್ದೆಯಲ್ಲಿ ಹೂಳುತ್ತೇವೆ, ಕೊಯ್ಲಿಗೆ ಬಂದಾಗ ತೆಗೆಯಲು.

ಆ ವರ್ಷ ಹಬ್ಬ ಅಕ್ಟೋಬರ್ ಕೊನೆಗೆ ಬಿದ್ದಿತ್ತು. ಚಳಿ ಶುರುವಾಗಿತ್ತು. ಸೋದರಮಾವನ ಟೇಪ್‌ರೆಕಾರ್ಡರನ್ನು ಎರಡು ದಿನದ ಮಟ್ಟಿಗೆ ಬೇಡಿ ತಂದೆ. ಹೊಸ ಬ್ಯಾಟರಿ ಹಾಕಿ, 60 ನಿಮಿಷದ ಹೊಸ ಕ್ಯಾಸೆಟ್ ತುರುಕಿ, ಒಲೆಯಿಂದ ಸ್ವಲ್ಪ ದೂರ ಇಟ್ಟು ಕುಳಿತೆ. ಅಜ್ಜಿ ಮೆಟ್ಟುಗತ್ತಿಯ (ಈಳಿಗೆಮಣೆಯ) ಮೇಲೆ ಒಂದು ಕಾಲು ಮಡಚಿ ಕುಳಿತಿದ್ದಳು. ಸುತ್ತ ನೆಲದ ಮೇಲೆ ಬಾಳೆ ಎಲೆ ಹಾಸಿ ಸೊಪ್ಪಿನ ಸಣ್ಣ ಸಣ್ಣ ಗುಪ್ಪೆಗಳನ್ನು ಇಟ್ಟುಕೊಂಡಿದ್ದಳು. ಒಂದು ಮುಷ್ಟಿ ಎತ್ತುವಳು, ಹಾಡಿನಲ್ಲಿ ಒಂದು ಹೆಸರು ಹೇಳುವಳು, ಕಚಕಚ ಎಂದು ಹೆಚ್ಚುವಳು, ಪಾತ್ರೆಗೆ ಹಾಕುವಳು. ಮತ್ತೊಂದು ಮುಷ್ಟಿ, ಮತ್ತೊಂದು ಹೆಸರು. ನೂರೊಂದು ಸೊಪ್ಪು ಎನ್ನುವುದು ರೂಢಿಯ ಮಾತು. ಅಷ್ಟು ಇರಲಿಲ್ಲ, ಆದರೆ ಅವಳ ಸುತ್ತ ಇಪ್ಪತ್ತಕ್ಕಿಂತ ಕಡಿಮೆ ಗುಪ್ಪೆಗಳೂ ಇರಲಿಲ್ಲ.

ನಾನು ಅವಳ ಎದುರಿಗೇ ಕುಳಿತಿದ್ದೆ. ಕೈ ಚಾಚಿದರೆ ಆ ಸೊಪ್ಪು ನನ್ನ ಕೈಗೆ ಸಿಗುತ್ತಿತ್ತು. ನನ್ನ ಕಣ್ಣು ಮಾತ್ರ ಟೇಪ್‌ರೆಕಾರ್ಡರಿನ ಕೆಂಪು ದೀಪದ ಮೇಲಿತ್ತು. ದೀಪ ಮಂಕಾಯಿತೇ, ಬ್ಯಾಟರಿ ಇಳಿಯಿತೇ, ರೀಲು ತಿರುಗುತ್ತಿದೆಯೇ ಎಂಬುದನ್ನೇ ನೋಡುತ್ತಿದ್ದೆ. ಯಾವ ಹೆಸರಿಗೆ ಯಾವ ಸೊಪ್ಪು ಎತ್ತಿದಳು ಎಂದು ಒಂದು ಸಲವಾದರೂ ನೋಡಲಿಲ್ಲ.

ಹಬ್ಬ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಹಾಡು ಬರೆದುಕೊಳ್ಳತೊಡಗಿದೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ, ನಾಲ್ಕು ದಿನ ಹಿಡಿಯಿತು. ಅಜ್ಜಿ ಅಂಗಳದಲ್ಲೇ ಅಡಿಕೆ ಸುಲಿಯುತ್ತಾ ಇದ್ದಳು. ಅವಳನ್ನು ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ‘ಹರಿವೆ, ಬಸಳೆ’ ಎಂದ ಮೇಲೆ ಒಂದು ಪದ ಬಂತು. ಅಜ್ಜಿಯ ಬಾಯಲ್ಲಿ ಅದು ‘ಎಲವರ್ಗೆ’ ಎಂದು ಕೇಳಿಸುತ್ತಿತ್ತು. ಹಳೆಯ ತಲೆ, ಎರಡು ಹಲ್ಲು ಬಿದ್ದಿದೆ, ‘ಎಲ್ಲರಿಗೆ’ ಎನ್ನುವುದನ್ನು ಹೀಗೆ ಹೇಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ‘ಹರಿವೆ ಬಸಳೆ ಎಲ್ಲರಿಗೆ’ ಎಂದು ಬರೆದೆ. ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಅರ್ಥವೂ ಆಯಿತು, ಪ್ರಾಸವೂ ಕೆಡಲಿಲ್ಲ. ಇನ್ನೊಂದು ಕಡೆ ‘ಹೊನ್ಗೊನೆ’ ಎಂದಳು. ಬತ್ತದ ಹಬ್ಬದ ಹಾಡಿನಲ್ಲಿ ಇದು ‘ಹೊನ್ನ ತೆನೆ’ಯೇ ಇರಬೇಕು ಎಂದು ಹಾಗೆಯೇ ಬರೆದೆ. ಕೆಳಗೆ ಟಿಪ್ಪಣಿಯನ್ನೂ ಹಾಕಿದೆ, ಬತ್ತದ ತೆನೆಯನ್ನು ಜನಪದರು ಚಿನ್ನಕ್ಕೆ ಹೋಲಿಸುತ್ತಾರೆ ಎಂದು. ಇನ್ನೂ ಏಳು ಪದಗಳಿಗೆ ಏನು ಮಾಡಿದರೂ ಅರ್ಥ ಹೊಂದಲಿಲ್ಲ. ಹಾಡಿಗೆ ತಾಳ ತುಂಬಲು ಸೇರಿಸಿದ ಶಬ್ದಗಳು ಎಂದುಕೊಂಡು ಅವನ್ನು ಬಿಟ್ಟೇಬಿಟ್ಟೆ. ಬಿಟ್ಟ ಜಾಗದಲ್ಲಿ ಚುಕ್ಕಿ ಕೂಡ ಇಡಲಿಲ್ಲ. ಸಾಲುಗಳನ್ನು ಹತ್ತಿರ ಎಳೆದು ಜೋಡಿಸಿದೆ.

ಇಷ್ಟೇ ಆಗಿದ್ದರೆ ಇವತ್ತಾದರೂ ತಿದ್ದಿಕೊಳ್ಳಬಹುದಿತ್ತು. ಮೂಲ ಧ್ವನಿ ಇದ್ದರೆ ಎಂಥ ತಪ್ಪನ್ನೂ ಮುಂದೆ ಯಾರಾದರೂ ಸರಿಮಾಡಬಹುದು. ಆ ಬಾಗಿಲನ್ನೂ ನಾನೇ ಮುಚ್ಚಿದೆ. ಆ ಚಳಿಗಾಲದಲ್ಲಿ ಪಕ್ಕದ ಊರಿನಲ್ಲಿ ಒಂದು ತಾಳಮದ್ದಳೆ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಇತ್ತು, ಮಾತಿನಲ್ಲೇ ಪಾತ್ರ ಕಟ್ಟುವ ಒಳ್ಳೆಯ ಅರ್ಥಧಾರಿಗಳು ಬಂದಿದ್ದರು. ಧ್ವನಿಮುದ್ರಿಸಿಕೊಳ್ಳಲು ಕ್ಯಾಸೆಟ್ ಬೇಕಾಯಿತು. ಸಿದ್ದಾಪುರ ಪೇಟೆಗೆ ಹೋಗಿ ಹೊಸದು ತರಲು ಒಂದು ದಿನ ಹಾಳು. ಹಾಡು ಹೇಗೂ ಬರೆದಾಗಿದೆಯಲ್ಲ, ನೋಟ್‌ಪುಸ್ತಕದಲ್ಲಿ ಅಂದವಾಗಿ ಇದೆಯಲ್ಲ, ಇನ್ನು ಈ ಕ್ಯಾಸೆಟ್ಟಿನಿಂದ ಏನಾಗಬೇಕು ಎಂದು ಅದರ ಮೇಲೆಯೇ ತಾಳಮದ್ದಳೆ ತುಂಬಿದೆ.

ಕ್ಯಾಸೆಟ್ ನೋಡಿರದ ವಯಸ್ಸಿನವರು ನೀವಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಮೂಲೆಯಲ್ಲಿ ಉಗುರಿನಷ್ಟು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಅದನ್ನು ಮುರಿದುಬಿಟ್ಟರೆ ಆ ಮಗ್ಗುಲಿನ ಮೇಲೆ ಮತ್ತೆ ಧ್ವನಿ ತುಂಬಲು ಆಗುತ್ತಿರಲಿಲ್ಲ. ರೆಕಾರ್ಡ್ ಗುಂಡಿ ಒತ್ತಿದರೆ ಕೆಳಗಿಳಿಯುತ್ತಲೇ ಇರಲಿಲ್ಲ. ಒಂದು ಮೊಳೆ ಸಾಕು, ಎರಡು ಕ್ಷಣದ ಕೆಲಸ. ನನಗೆ ಅದು ಗೊತ್ತಿತ್ತು. ಸಿನಿಮಾ ಹಾಡುಗಳ ಕ್ಯಾಸೆಟ್ಟುಗಳಿಗೆ ನಾನೇ ಮುರಿದಿದ್ದೆ. ಅಜ್ಜಿಯ ಕ್ಯಾಸೆಟ್ಟಿಗೆ ಮುರಿಯಲಿಲ್ಲ. ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ. ಮರೆವು ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನಾನು ಬರೆದದ್ದು ಅವಳು ಹಾಡಿದ್ದಕ್ಕಿಂತ ಮೇಲು ಎಂದು ನಂಬಿದ್ದೆ. ಅವಳ ಹಾಡು ಕಚ್ಚಾ, ನನ್ನ ಬರಹ ಪಕ್ಕಾ. ಬೆಣ್ಣೆ ತೆಗೆದಾದ ಮೇಲೆ ಮಜ್ಜಿಗೆಯನ್ನು ಯಾರು ಕಾದಿಡುತ್ತಾರೆ? ಟೇಪನ್ನು ಅಳಿಸಿದ್ದು ಈ ನಂಬಿಕೆ. ಗುಂಡಿ ಒತ್ತಿದ ಬೆರಳು ಆಮೇಲಿನದು.

ಹಾಡು ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಊರಿನಲ್ಲಿ ಹೊಗಳಿದರು. ಶಾಲೆಯ ಮಕ್ಕಳಿಗೆ ವಾರ್ಷಿಕೋತ್ಸವಕ್ಕೆ ಅದನ್ನೇ ಕಲಿಸಿದರು. ಹೆಣ್ಣುಮಕ್ಕಳು ಸೀರೆ ಉಟ್ಟು, ಬುಟ್ಟಿ ಹಿಡಿದು, ‘ಹರಿವೆ ಬಸಳೆ ಎಲ್ಲರಿಗೆ’ ಎಂದು ಹಾಡಿ ಕುಣಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿ, ಮುಗಿದ ಮೇಲೆ, “ಚಂದ ಆಯಿತು ತಮಾ, ಆದರೆ ಬೇಗ ಮುಗಿದುಹೋಯಿತು” ಎಂದಳು. ವಯಸ್ಸಾದವಳು ಸುಮ್ಮನೆ ಹೇಳಿದ್ದು ಎಂದುಕೊಂಡೆ. ಬೇಗ ಮುಗಿಯದೆ ಏನು, ಏಳು ಹೆಸರು ಕಡಿಮೆ ಇದ್ದವು. 1997ರಲ್ಲಿ ಅಜ್ಜಿ ತೀರಿಕೊಂಡಳು.

ತಪ್ಪು ಗೊತ್ತಾಗಿದ್ದು 2006ರಲ್ಲಿ. ಹೆಂಡತಿಯ ತವರಿನ ಕಡೆ ಭೂಮಿ ಹುಣ್ಣಿಮೆಗೆ ಹೋಗಿದ್ದೆ. ಅಲ್ಲಿಯ ಹಿರಿಯ ಹೆಂಗಸೊಬ್ಬರು ಸೊಪ್ಪು ಹೆಚ್ಚುತ್ತಾ ಹಾಡುತ್ತಿದ್ದರು. ಹರಿವೆ, ಬಸಳೆ ಆಯಿತು. ಆಮೇಲೆ ‘ಎಲವರ್ಗೆ’ ಎನ್ನುತ್ತಾ ಒಂದು ಗುಪ್ಪೆಯಿಂದ ಎಳೆಯ ಕುಡಿಗಳನ್ನು ಎತ್ತಿದರು. ನಾನು ಅವರ ಕೈಯನ್ನೇ ನೋಡುತ್ತಾ ನಿಂತೆ. “ಅಮ್ಮಾ, ಏನದು?” ಎಂದೆ. “ಎಲವರಿಗೆ ಕುಡಿ. ತಂಬುಳಿ ಮಾಡುವುದಿಲ್ಲವೇ ನೀವು? ಬೆಟ್ಟದಂಚಿನಲ್ಲಿ ಆಗುತ್ತದಲ್ಲ” ಎಂದರು. ಎಲವರಿಗೆಯ ತಂಬುಳಿಯನ್ನು ನಾನು ಚಿಕ್ಕಂದಿನಿಂದ ಉಂಡಿದ್ದೇನೆ. ಆ ಹೆಸರು ನನ್ನ ನಾಲಗೆಗೆ ಗೊತ್ತಿತ್ತು, ಕಿವಿಗೂ ಗೊತ್ತಿತ್ತು. ಹಾಡಿನೊಳಗೆ ಬಂದಾಗ ಮಾತ್ರ ಗುರುತು ಸಿಗಲಿಲ್ಲ. ಹಾಡು ಎಂದರೆ ಸಾಹಿತ್ಯ, ಸಾಹಿತ್ಯದಲ್ಲಿ ತಂಬುಳಿ ಸೊಪ್ಪು ಬರುವುದಿಲ್ಲ ಎಂದು ತಲೆ ಮೊದಲೇ ನಿರ್ಧರಿಸಿಬಿಟ್ಟಿತ್ತು. ಅರ್ಧ ತಾಸಿನೊಳಗೆ ‘ಹೊನ್ನ ತೆನೆ’ಯ ಕಥೆಯೂ ಬಯಲಾಯಿತು. ಅದು ಹೊನಗೊನೆ, ಕಣ್ಣಿಗೆ ಒಳ್ಳೆಯದೆಂದು ತಿನ್ನುವ, ಗದ್ದೆಯ ಅಂಚಿನಲ್ಲಿ ಹಬ್ಬುವ ಸೊಪ್ಪು.

ಅಜ್ಜಿ ಹಾಡಿದ್ದು ಬರೀ ಸ್ತುತಿಯಾಗಿರಲಿಲ್ಲ. ಅದು ಬಾಯಲ್ಲಿ ಇಟ್ಟುಕೊಂಡ ಪಟ್ಟಿ. ಓದು ಬರಹ ಬಾರದ ಹೆಂಗಸರು ಯಾವ ಸೊಪ್ಪನ್ನೂ ಮರೆಯಬಾರದೆಂದು ತಾಳಕ್ಕೆ ಕಟ್ಟಿ ಇಟ್ಟ ಲೆಕ್ಕ. ಅರ್ಥವಿಲ್ಲವೆಂದು ನಾನು ಬಿಟ್ಟ ಏಳೂ ಏಳು ಗಿಡಗಳು.

ಮನೆಗೆ ಬಂದವನೇ ಅಟ್ಟ ಹತ್ತಿ ಕ್ಯಾಸೆಟ್ ಹುಡುಕಿ ಹಾಕಿದೆ. ಪೂರ್ತಿ ತಾಳಮದ್ದಳೆ. ಕೊನೆಯಲ್ಲಿ ಭಾಗವತರ ಜಾಗಟೆ ನಿಂತ ಮೇಲೆ ಅರ್ಧ ನಿಮಿಷ ಹಳೆಯ ಧ್ವನಿ ಉಳಿದಿತ್ತು. ಮೆಟ್ಟುಗತ್ತಿಯ ಮೇಲೆ ಸೊಪ್ಪು ಹೆಚ್ಚುವ ಸದ್ದು ಅದು. ಯಾವ ಸೊಪ್ಪು ಎಂದು ಹೇಳುವ ದನಿ ಅದರಲ್ಲಿ ಇಲ್ಲ.

ಮರುವರ್ಷದ ಹಬ್ಬದಲ್ಲಿ ಅಮ್ಮನಿಗೆ ಹೇಳಿದೆ, ‘ಎಲ್ಲರಿಗೆ’ ಅಲ್ಲ, ಎಲವರಿಗೆ ಎಂದು. ಅಮ್ಮ ಬೇರೆ ಊರಿನಿಂದ ಬಂದವಳು, ಅತ್ತೆಯ ಹಾಡು ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಅಜ್ಜಿ ಹೋದ ಮೇಲೆ ಅಚ್ಚಾದ ಹಾಳೆ ನೋಡಿ ಕಲಿತಿದ್ದಳು. “ಪುಸ್ತಕದಲ್ಲಿ ಎಲ್ಲರಿಗೆ ಎಂದೇ ಇದೆಯಲ್ಲ ತಮಾ, ನೀನೇ ಬರೆದದ್ದು” ಎಂದಳು. ಊರಿನ ಬೇರೆ ಮನೆಗಳಲ್ಲೂ ಅಷ್ಟೇ. ಶಾಲೆಯಲ್ಲಿ ಕುಣಿದ ಹುಡುಗಿಯರು ತಾಯಂದಿರಾಗಿದ್ದಾರೆ, ಅದನ್ನೇ ಹಾಡುತ್ತಾರೆ. ಹಾಡಿನಲ್ಲಿ ಹೆಸರಿಲ್ಲದ ಸೊಪ್ಪನ್ನು ಯಾರೂ ಕೊಯ್ಯಲು ಹೋಗುವುದಿಲ್ಲ. ಹೀಗೆ ನಮ್ಮ ಊರಿನ ಹಚ್ಚಂಬಲಿಯಿಂದ ಎಲವರಿಗೆ ಹೊರಗೆ ಬಿತ್ತು. ಭೂಮಿತಾಯಿಯ ಬಯಕೆಯ ಊಟದಲ್ಲಿ ಕಡಿಮೆಯಾದದ್ದು ನನ್ನ ಪೆನ್ನಿನಿಂದ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿಡಿಯೊನೋ ಪುಸ್ತಕವೋ ಎಂಬುದು ಸಣ್ಣ ಮಾತು. ಮೊಬೈಲಿನಲ್ಲಿ ಹೇಗೂ ಎರಡೂ ಆಗುತ್ತದೆ, ಯಾವುದನ್ನಾದರೂ ಮಾಡಿ. ‘ಉಚ್ಚಾರದಲ್ಲಿ ತಪ್ಪು’ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ನಿಮ್ಮ ಅಜ್ಜಿಯ ಬಾಯಲ್ಲಿ ತಪ್ಪು ಪದ ಇಲ್ಲ, ನಿಮಗೆ ಗೊತ್ತಿಲ್ಲದ ಪದ ಇದೆ. ಯಾವ ಪದಕ್ಕೆ ಅರ್ಥವಿಲ್ಲ ಎನ್ನಿಸುತ್ತದೋ ಅದನ್ನೇ ಎಲ್ಲಕ್ಕಿಂತ ಜೋಪಾನ ಮಾಡಬೇಕು. ಅರ್ಥವಾಗುವ ಪದಗಳು ನಿಘಂಟಿನಲ್ಲಿ ಇದ್ದೇ ಇರುತ್ತವೆ, ಅವಕ್ಕೆ ನಿಮ್ಮ ರಕ್ಷಣೆ ಬೇಡ.

ಸುಕ್ರಜ್ಜಿಯ ಹಾಡುಗಳಂತೆ ಇವೂ ಉಳಿಯಬೇಕು ಎಂದು ಬರೆದಿದ್ದೀರಿ. ನಿಜ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡುಗಳಿಗೆ. ಅದೇ ತಾಲ್ಲೂಕಿನ, ಅದೇ ಹಾಲಕ್ಕಿ ಸಮುದಾಯದ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ಗಿಡಮರಗಳಿಗೆ. ಇಬ್ಬರೂ ಈಗ ಇಲ್ಲ. ಇಬ್ಬರ ಬಗ್ಗೆಯೂ ನನಗೆ ತುಂಬು ಗೌರವವಿದೆ. ಆದರೆ ಹೊರಗಿನವರಾದ ನಾವು ಹಾಡನ್ನು ಒಂದು ಕಪಾಟಿನಲ್ಲಿ, ಗಿಡವನ್ನು ಇನ್ನೊಂದು ಕಪಾಟಿನಲ್ಲಿ ಇಟ್ಟು ನೋಡಲು ಕಲಿತುಬಿಟ್ಟಿದ್ದೇವೆ. ಹಾಡು ಕೇಳಲು ಕನ್ನಡ ಓದಿದವನು ಹೋಗುತ್ತಾನೆ, ಗಿಡ ನೋಡಲು ಸಸ್ಯಶಾಸ್ತ್ರ ಓದಿದವನು ಹೋಗುತ್ತಾನೆ. ನನ್ನ ಅಜ್ಜಿಗೆ ಅವೆರಡೂ ಒಂದೇ ಮುಷ್ಟಿಯಲ್ಲಿದ್ದವು.

ಕ್ಯಾಮೆರಾ ತೆಗೆಯುವ ಮೊದಲು ಅಜ್ಜಿಯ ಜೊತೆ ಸೊಪ್ಪು ಕೊಯ್ಯಲು ಹೋಗಿ. ಅವರಿಗೆ ನಡೆಯಲು ಆಗದಿದ್ದರೆ ನೀವು ಕೊಯ್ದು ತಂದು ಎದುರಿಗೆ ಹರಡಿ, ಒಂದೊಂದನ್ನೇ ಎತ್ತಿ ಕೇಳಿ. ಅವರು ಹೇಳಿದ ಹೆಸರನ್ನು ಕಿವಿಗೆ ಬಿದ್ದ ಹಾಗೆಯೇ ಬರೆಯಿರಿ, ಒತ್ತು ದೀರ್ಘ ಏನನ್ನೂ ಮುಟ್ಟಬೇಡಿ. ಒಂದು ಎಳೆಯ ಕುಡಿ, ಒಂದು ಬಲಿತ ಎಲೆ, ಹೂವಿದ್ದರೆ ಹೂವು, ಮೂರನ್ನೂ ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ. ನಮ್ಮ ಹವೆಯಲ್ಲಿ ಬೂಸಲು ಬೇಗ ಬರುತ್ತದೆ, ಮೊದಲ ವಾರ ದಿನವೂ ಕಾಗದ ಬದಲಾಯಿಸಬೇಕು. ಹಾಡನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ ಹಾಡಿಸಬೇಡಿ. ಕೈಗೆ ಸೊಪ್ಪು ಕೊಟ್ಟು, ಮೆಟ್ಟುಗತ್ತಿಯ ಮೇಲೆಯೇ ಹಾಡಿಸಿ. ಕೈ ಓಡಿದರೆ ಬಾಯಿ ಓಡುತ್ತದೆ. ಹೊರಗೆ ಹಾಕುವುದಿದ್ದರೆ ಅವರನ್ನು ಕೇಳಿ, ಅವರ ಹೆಸರು ಹಾಕಿ.

ಮುಂದಿನ ವರ್ಷ ಮಾಡುತ್ತೇನೆ ಎನ್ನಬೇಡಿ. ನಿಮ್ಮ ಅಜ್ಜಿಗೆ 84 ಎಂದಿದ್ದೀರಿ, ಅದು ಒಂದು ಕಾರಣ. ಇನ್ನೊಂದು ಕಾರಣ ಗದ್ದೆಯದ್ದು. ನಮ್ಮ ಬಯಲಿನಲ್ಲಿ ಅರ್ಧಕ್ಕರ್ಧ ಗದ್ದೆ ಈಗ ಅಡಿಕೆ ತೋಟವಾಗಿದೆ. ಉಳಿದ ಗದ್ದೆಯ ಅಂಚುಗಳನ್ನು ಮೊದಲಿನಂತೆ ಕತ್ತಿ ಹಿಡಿದು ಸವರುವವರಿಲ್ಲ, ಕಳೆನಾಶಕ ಹೊಡೆಯುತ್ತಾರೆ. ಒಂದೆಲಗ, ಹೊನಗೊನೆ, ಚಗಟೆ ಎಲ್ಲವೂ ಆ ಅಂಚಿನಲ್ಲೇ ಇದ್ದವು. ಹೆಸರು ಉಳಿದು ಎಲೆ ಇಲ್ಲವಾದರೂ ಅಷ್ಟೇ, ಎಲೆ ಉಳಿದು ಹೆಸರು ಇಲ್ಲವಾದರೂ ಅಷ್ಟೇ. ಕಳೆನಾಶಕದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಕೂಲಿಗೆ ಜನ ಸಿಗುವುದಿಲ್ಲ ಎನ್ನುತ್ತಾರೆ. ನನಗೂ ಗೊತ್ತಿದೆ. ಆದರೂ ನಮ್ಮ ಪಾಲಿನ ಅಂಚಿಗೆ ನಾನು ಹೊಡೆಸುವುದಿಲ್ಲ.

ಬಿಟ್ಟುಹೋದ ಏಳರಲ್ಲಿ ಎರಡನ್ನು ಬೇರೆ ಬೇರೆ ಊರಿನ ಹಿರಿಯರಿಂದ ಮರಳಿ ಪಡೆದಿದ್ದೇನೆ. ಐದು ಇನ್ನೂ ಬಾಕಿ. ಅವುಗಳಲ್ಲಿ ಒಂದರ ಜಾಡು ಮಾತ್ರ ನೆನಪಿನಲ್ಲಿದೆ. ಹಾಡಿನಲ್ಲಿ ಒಂದೆಲಗ ಆದ ಮೇಲೆ, ಕೆಸು ಬರುವ ಮೊದಲು, ಮೂರಕ್ಷರದ ಒಂದು ಹೆಸರು ಬರುತ್ತಿತ್ತು. ಕೊನೆಯ ಅಕ್ಷರ ‘ಳಿ’ ಇರಬೇಕು, ಅಜ್ಜಿ ಅಲ್ಲಿ ದನಿಯನ್ನು ಸ್ವಲ್ಪ ಎಳೆಯುತ್ತಿದ್ದಳು. ಅದನ್ನು ಹೆಚ್ಚುವಾಗ ಬೇರೆಲ್ಲದಕ್ಕಿಂತ ಮೆಲ್ಲಗೆ ಸದ್ದಾಗುತ್ತಿತ್ತು, ತೆಳುವಾದ ಎಲೆ ಇರಬೇಕು. ಅಮ್ಮನನ್ನು ಕೇಳಿದೆ, ಸುತ್ತಲಿನ ಊರುಗಳಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ಸೊರಬದ ಕಡೆಯ ಹಾಡಿನಲ್ಲಿ ಒಂದೆಲಗದ ನಂತರ ಯಾವ ಹೆಸರು ಬರುತ್ತದೆ ಎಂದು ನಿಮ್ಮ ಅಜ್ಜಿಯನ್ನು ಇವತ್ತೇ ಕೇಳಿ, ಅವರು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೀರಾ?